ಸಮಾಜವಾದಿ ಸಾಹೇಬರ ಸೊಟ್ಟ ಸಹಿ

ನಗುವ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋಗುವವಳಲ್ಲ. ಅವೇ ಟೋಕಿಯೋದ ಟೋಝಾಯ್ ಲೈನಿನ ರೈಲು ಹಿಡಿದು ಗ್ಯೋಟೋಕುವಿನಲ್ಲಿ ಇಳಿದು ನಮ್ಮ ಮನೆಯ ಬೆಲ್ ಒತ್ತುತ್ತವೆ. ಮೈಸೂರಿನಲ್ಲಿದ್ದಾಗ ಅಮ್ಮ ಹೇಳುತ್ತಿದ್ದಳು, ಇವಳನ್ನು ಹಾಲಿಗೆ ಕಳಿಸಿದರೆ ಒಂದು ಕಥೆಯನ್ನೂ ತರುತ್ತಾಳೆ, ಹಾಲು ಮಾತ್ರ ಅರ್ಧ ಚೆಲ್ಲಿರುತ್ತದೆ ಎಂದು. ಜಪಾನಿಗೆ ಬಂದು ಇಷ್ಟು ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ.

ನನ್ನ ಕೆಲಸ ದುಭಾಷಿಯದು. ಗಂಡ ಟೊಯೋಸುವಿನ ಎತ್ತರದ ಕಟ್ಟಡವೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ನಾನು ಮಗಳ ಶಾಲೆಯಿಂದ ಬರುವ ಚೀಟಿಗಳನ್ನು ಓದಿದರೆ ಸಾಕೆಂದು ಜಪಾನಿ ಕಲಿಯಲು ಹೊರಟವಳು. ಕಲಿಯುತ್ತಾ ಕಲಿಯುತ್ತಾ ಹಟ ಹತ್ತಿತು. ಈಗ ಒಂದು ಸಣ್ಣ ಕಂಪನಿಯ ಪರವಾಗಿ, ಹೊರದೇಶದಿಂದ ಬರುವ ದೊಡ್ಡ ಮನುಷ್ಯರ ಪಕ್ಕದಲ್ಲಿ ನಿಂತು ಅವರ ಇಂಗ್ಲಿಷನ್ನು ಜಪಾನಿಗೆ, ಜಪಾನಿಯನ್ನು ಇಂಗ್ಲಿಷಿಗೆ ದಾಟಿಸುತ್ತೇನೆ. ಕನ್ನಡ ಉಳಿದಿರುವುದು ಬೈಯಲು ಮತ್ತು ಇದನ್ನು ಬರೆಯಲು.

ಈ ಕೆಲಸದಲ್ಲಿ ನನಗೆ ಅಂಟಿಕೊಂಡವರು ನಮ್ಮ ಸಮಾಜವಾದಿ ಸಾಹೇಬರು. ಬೆಲ್ಜಿಯಂ ದೇಶದಲ್ಲಿ ಡಚ್ ಮಾತಾಡುವ ಭಾಗಕ್ಕೆ ಫ್ಲಾಂಡರ್ಸ್ ಎನ್ನುತ್ತಾರೆ. ಅಲ್ಲಿನ ಒಂದು ಬಂದರು ಊರಿನ ರಾಜಕಾರಣಿ. ಆರಡಿ ದಾಟಿದ ಎತ್ತರ, ಕುತ್ತಿಗೆಗೆ ಕೆಂಪು ಮಫ್ಲರು, ಮಾತಿಗೆ ಮೊದಲೇ ನಗು. ವಿದೇಶಾಂಗ ಮಂತ್ರಿಯ ಕುರ್ಚಿಯೊಂದನ್ನು ಬಿಟ್ಟು ವಿದೇಶಾಂಗದ ಎಲ್ಲ ಕುರ್ಚಿಗಳಲ್ಲೂ ಕೂತು ಎದ್ದವರು. ಸರ್ ಎನ್ನಬೇಡಿ, ಕಾಮ್ರೇಡ್ ಎನ್ನಿ ಎಂದು ಮೊದಲ ದಿನವೇ ಹೇಳಿದರು. ಅತಿಥಿಯನ್ನು ಬರೀ ಹೆಸರಿನಿಂದ ಕರೆಯಲು ನಮ್ಮ ಮ್ಯಾನೇಜರ್ ಸಾನ್‌ಗೆ ನಾಲಿಗೆ ಹೊರಳಲಿಲ್ಲ. ದೇವರಿಗೂ ಗಿರಾಕಿಗೂ ಸೇರಿಸುವ ಸಾಮಾ ಎಂಬ ಗೌರವದ ಮಾತನ್ನು ಅಂಟಿಸಿ 'ಕಾಮ್ರೇಡ್ ಸಾಮಾ' ಎಂದು ಕರೆದರು. ನಾನು ಮನೆಯಲ್ಲಿ ಸಮಾಜವಾದಿ ಸಾಹೇಬರು ಎಂದೆ. ಎರಡೂ ಒಂದೇ ತಪ್ಪು.

ಅವರಿಗೆ ಜಪಾನಿನಿಂದ ಬೇಕಾಗಿದ್ದು ಒಂದೇ ಒಂದು ಕಾಗದ. ಪ್ರತಿವರ್ಷ ಕಾವಾಸಾಕಿಯ ಬಂದರಿನಿಂದ ಎಂಟು ಮಂದಿ ಕ್ರೇನ್ ಚಾಲಕರು ಅವರ ಊರಿಗೆ ಹೋಗಿ ಮೂರು ತಿಂಗಳು ಕೆಲಸ ಮಾಡಬೇಕು, ಅಲ್ಲಿಂದ ಎಂಟು ಮಂದಿ ಇಲ್ಲಿಗೆ ಬರಬೇಕು. ಸಾಹೇಬರ ಅಪ್ಪ ಕ್ರೇನ್ ಚಾಲಕ. ಜೀವಮಾನವೆಲ್ಲ ಹೊರದೇಶದ ಹಡಗುಗಳಿಗೆ ಸರಕು ಏರಿಸಿ ಇಳಿಸಿದರೂ ಒಂದು ದಿನವೂ ಗಡಿ ದಾಟಲಿಲ್ಲವಂತೆ. "ಇಷ್ಟು ವರ್ಷ ವಿದೇಶಾಂಗ ನೀತಿ ಅಂತ ಮಾತಾಡಿದೀನಿ. ಒಬ್ಬ ಕ್ರೇನ್ ಚಾಲಕನನ್ನಾದರೂ ವಿದೇಶಕ್ಕೆ ಕಳಿಸದೇ ಹೋದರೆ ನಾನು ಮಾಡಿದ್ದೇನು?" ಎಂದು ಕೇಳಿದ್ದರು. ಆ ಪ್ರಶ್ನೆ ಕೇಳಿದ ಮೇಲೆ ಅವರ ಕಾಗದ ನನ್ನ ಕಾಗದವೂ ಆಯಿತು.

ಬಾಗಿಲ ಪಕ್ಕದ ಕುರ್ಚಿ

ಮೊದಲ ಸಲ ಬಂದಾಗ ಅವರು ತಮ್ಮ ಸಂಸತ್ತಿನ ವಿದೇಶಾಂಗ ಸಮಿತಿಯ ಸದಸ್ಯರು. ಕಾವಾಸಾಕಿಯಲ್ಲಿ ಬಂದರು ಕಾರ್ಮಿಕರ ಸಂಘವೊಂದರ ಕಚೇರಿಯಲ್ಲಿ ಭೇಟಿ. ಸಂಘದ ಅಧ್ಯಕ್ಷರು ತಾವೂ ಹಳೆಯ ಕ್ರೇನ್ ಚಾಲಕರೇ. ಗಿಡ್ಡ ಆಳು, ಕಡಿಮೆ ಮಾತು, ಹಟ ಮಾತ್ರ ಭಾರೀ. ನಮಗೆ ಕೊಟ್ಟಿದ್ದು ನಲವತ್ತು ನಿಮಿಷ.

ಜಪಾನಿನಲ್ಲಿ ಕೋಣೆಯೊಳಗೆ ಎಲ್ಲೆಂದರಲ್ಲಿ ಕೂರುವ ಹಾಗಿಲ್ಲ. ಬಾಗಿಲಿಗೆ ದೂರದ ಕುರ್ಚಿ ಅತಿಥಿಯದು, ಬಾಗಿಲ ಪಕ್ಕದ್ದು ಎಲ್ಲರಿಗಿಂತ ಕೆಳಗಿನವರದು. ಇದನ್ನು ರೈಲಿನಲ್ಲಿ ಬರುವಾಗಲೇ ಸಾಹೇಬರಿಗೆ ವಿವರವಾಗಿ ಹೇಳಿದ್ದೆ. ಹೇಳಿದ್ದೇ ತಪ್ಪಾಯಿತು. ಒಳಗೆ ಹೋದವರೇ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ತಮ್ಮ ಪಕ್ಷದಲ್ಲಿ ಮೇಲು ಕೀಳು ಇಲ್ಲ ಎಂದರು. ಅದು ಸಂಘದ ಗುಮಾಸ್ತೆಯ ಕುರ್ಚಿ. ಆ ಹೆಂಗಸು ಟೀ ತಟ್ಟೆ ಹಿಡಿದು ಗೋಡೆಗೆ ಅಂಟಿಕೊಂಡು ನಿಂತರು.

ಅಧ್ಯಕ್ಷರು ಒಂದು ಗಳಿಗೆ ಯೋಚಿಸಿದರು. ಅತಿಥಿ ಬಾಗಿಲ ಹತ್ತಿರ ಕೂತರೆ ತಾವು ಅವರಿಗಿಂತ ಮೇಲೆ ಕೂರುವುದು ಸಾಧ್ಯವೇ ಇಲ್ಲ. ಅದಕ್ಕಿಂತ ಕೆಳಗಿನ ಜಾಗ ಕೋಣೆಯೊಳಗೆ ಇರಲಿಲ್ಲ. ಅವರು ಒಂದು ಕುರ್ಚಿ ಎತ್ತಿಕೊಂಡು, ಸುಮಿಮಾಸೆನ್, ಕ್ಷಮಿಸಿ ಎಂದು ಹೇಳಿ, ಹೊರಗೆ ಹೋಗಿ ಕಾರಿಡಾರಿನಲ್ಲಿ ಕೂತರು. ಅಧ್ಯಕ್ಷರೇ ಹೊರಗೆ ಹೋದ ಮೇಲೆ ಉಪಾಧ್ಯಕ್ಷರು ಒಳಗಿರುವುದು ಹೇಗೆ? ಅವರೂ ಹೋಗಿ ಇನ್ನೂ ಆಚೆ ಕೂತರು. ಸಾಹೇಬರು ನನ್ನ ಮುಖ ನೋಡಿ, ಭೇಟಿ ಹೊರಗೆ ಅಂತ ಕಾಣುತ್ತದೆ, ಬನ್ನಿ ಎಂದು ತಮ್ಮ ಕುರ್ಚಿ ಎತ್ತಿಕೊಂಡು ಎಲ್ಲರನ್ನೂ ದಾಟಿ ಮೆಟ್ಟಿಲ ಹತ್ತಿರ ಹೋದರು.

ಹೀಗೆ ನಲವತ್ತು ನಿಮಿಷ ಕಳೆಯುವಷ್ಟರಲ್ಲಿ ಇಡೀ ಸಭೆ ಕೆಳಗಿನ ಮಹಡಿಯ ಕೂಲ್ ಡ್ರಿಂಕ್ ಮೆಷಿನ್ ಪಕ್ಕಕ್ಕೆ ಇಳಿದಿತ್ತು. ಕಾಗದದ ಮಾತು ಬರುವ ಹೊತ್ತಿಗೆ ಸಮಯ ಮುಗಿಯಿತು. ಜಪಾನಿನಲ್ಲಿ ಸಮಯ ಮುಗಿದರೆ ಮುಗಿಯಿತು.

ಮನೆಗೆ ಬಂದು ಹೇಳಿದಾಗ ನನ್ನ ಗಂಡ ಊಟದ ತಟ್ಟೆಯಿಂದ ತಲೆ ಎತ್ತಿದರು. "ಮದುವೆ ಮನೇಲಿ ಮೊದಲನೇ ಪಂಕ್ತೀಲಿ ಕೂರೋಕೆ ಜಗಳ ಆಡಿದ್ದು ನೋಡಿದೀನಿ ಕಣೇ. ಕೊನೇ ಪಂಕ್ತಿಗೆ ಹೊಡೆದಾಡಿದ್ದನ್ನ ಈಗಲೇ ಕೇಳಿದ್ದು."

ಲಿಫ್ಟಿನ ಬಾಗಿಲು

ಅದೇ ದಿನ ಹೊರಡುವಾಗ ಇನ್ನೊಂದು ನಡೆಯಿತು. ಬೀಳ್ಕೊಡಲು ಅಧ್ಯಕ್ಷರು, ಉಪಾಧ್ಯಕ್ಷರು, ಗುಮಾಸ್ತೆ, ಮತ್ತೆ ನಾಲ್ಕೈದು ಜನ ಲಿಫ್ಟಿನ ಮುಂದೆ ಸಾಲಾಗಿ ನಿಂತರು. ಲಿಫ್ಟಿನ ಬಾಗಿಲು ಪೂರ್ತಿ ಮುಚ್ಚುವ ತನಕ ಬಗ್ಗಿಯೇ ಇರುವುದು ಇಲ್ಲಿನ ಕ್ರಮ. ಸಾಹೇಬರಿಗೆ ಅದು ಗೊತ್ತಿಲ್ಲ. ತಮಗೆ ತಲೆಬಾಗಿ ನಿಂತಿರುವ ಕಾರ್ಮಿಕರ ಮುಖದ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತಿರುವುದನ್ನು ಅವರಿಂದ ನೋಡಲಾಗಲಿಲ್ಲ. ತೆರೆಯುವ ಬಟನ್ ಒತ್ತಿದರು.

ಬಾಗಿಲು ತೆರೆಯಿತು. ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದವರೆಲ್ಲ ಗಾಬರಿಯಿಂದ ಮತ್ತೆ ಬಗ್ಗಿದರು. ಸಾಹೇಬರೂ ಬಗ್ಗಿದರು. ಬಾಗಿಲು ಮುಚ್ಚತೊಡಗಿತು, ಮತ್ತೆ ಒತ್ತಿದರು. ಐದಾರು ಸಲ ಹೀಗಾಯಿತು. ಲಿಫ್ಟಿನಲ್ಲಿ ನಮ್ಮ ಹಿಂದೆ ಡಬ್ಬಗಳ ಗಾಡಿ ಹಿಡಿದು ನಿಂತಿದ್ದ ಕೊರಿಯರಿನವರು ಕೊನೆಗೆ ಗಾಡಿಯನ್ನು ಇಳಿಸಿಕೊಂಡು ಮೆಟ್ಟಿಲಲ್ಲೇ ಹೋದರು. ಆರನೆಯ ಸಲಕ್ಕೆ ಅಧ್ಯಕ್ಷರ ಕೈ ಸೊಂಟಕ್ಕೆ ಹೋದದ್ದು ನನಗೆ ಕಂಡಿತು.

ನಾನು ಸಾಹೇಬರಿಗೆ ಮೆಲ್ಲಗೆ ಹೇಳಿದೆ. "ಈ ಬಾಗಿಲು ಮುಚ್ಚೋವರೆಗೂ ಆ ಕಾರ್ಮಿಕರ ಬೆನ್ನು ನೆಟ್ಟಗಾಗಲ್ಲ. ನೀವು ನಿಜವಾದ ಸಮಾಜವಾದಿ ಆಗಿದ್ರೆ ಮುಚ್ಚೋ ಬಟನ್ ಒತ್ತಿ."

ಅವರು ಎರಡೂ ಕೈಯಲ್ಲಿ ಒತ್ತಿದರು.

ತಿರುಗಾಡಿದ ಡಬ್ಬಿ

ಎರಡನೆಯ ಸಲ ಬರುವಾಗ ಅವರು ವಿದೇಶಾಂಗ ಇಲಾಖೆಯ ಉಪಮಂತ್ರಿ. ಈ ಸಲ ಕಾಗದ ಆಗಿಯೇ ಆಗುತ್ತದೆ ಎಂದು ಹೇಳಿ, ತಮ್ಮೂರಿನ ಚಾಕೊಲೇಟನ್ನು ಚಂದದ ತಗಡಿನ ಡಬ್ಬಿಯಲ್ಲಿ ತಂದು ಅಧ್ಯಕ್ಷರಿಗೆ ಕೊಟ್ಟರು. ಕುರ್ಚಿಯ ವಿಷಯದಲ್ಲಿ ನಾನು ಮೊದಲೇ ಎರಡೂ ಕಡೆಯವರಿಂದ ಮಾತು ತೆಗೆದುಕೊಂಡಿದ್ದರಿಂದ ಎಲ್ಲರೂ ತಮ್ಮ ತಮ್ಮ ಜಾಗದಲ್ಲೇ ಕೂತರು. ಮಾತು ಚೆನ್ನಾಗಿ ನಡೆಯಿತು. ಉಳಿದದ್ದನ್ನು ಪತ್ರದ ಮೂಲಕ ಮುಗಿಸೋಣ ಎಂದು ಎದ್ದರು.

ಜಪಾನಿನಲ್ಲಿ ಉಡುಗೊರೆ ಪಡೆದವರು ಏನಾದರೂ ತಿರುಗಿ ಕೊಡಲೇಬೇಕು. ಮೂರನೆಯ ದಿನ ಹೋಟೆಲಿಗೆ ಅದೇ ಡಬ್ಬಿ ಬಂತು, ಒಳಗೆ ಸೆಂಬೆ ಎಂಬ ಅಕ್ಕಿಯ ಗರಿಗರಿ ಬಿಲ್ಲೆ ತುಂಬಿತ್ತು. ಡಬ್ಬಿ ಬಹಳ ಚೆನ್ನಾಗಿದೆ, ಎಸೆಯಲು ಮನಸ್ಸು ಬರಲಿಲ್ಲ ಎಂದು ಅಧ್ಯಕ್ಷರ ಚೀಟಿ. ಈಗ ನಾನೇನು ಮಾಡಬೇಕು ಎಂದು ಸಾಹೇಬರು ಕೇಳಿದರು. ಸೆಂಬೆ ತಿಂದು ಸುಮ್ಮನಿರಿ ಎಂದು ಹೇಳಬೇಕಿತ್ತು. ನನ್ನ ಬಾಯಿ ನೋಡಿ, ನಮ್ಮ ಮೈಸೂರಿನಲ್ಲಿ ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ವಾಪಸು ಕಳಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ ಎಂದಿತು. ಅವರಿಗೆ ಅದು ಬಹಳ ಹಿಡಿಸಿತು. ಹಂಚಿಕೊಂಡು ತಿನ್ನುವುದಕ್ಕಿಂತ ದೊಡ್ಡ ಸಮಾಜವಾದ ಯಾವುದಿದೆ ಎಂದು ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಗೆ ಹೋಗಿ ಬಿಸ್ಕತ್ತು ತಂದು ತುಂಬಿ ಕಳಿಸಿದರು.

ಅಲ್ಲಿಂದ ಶುರು. ಡಬ್ಬಿ ವಿಮಾನ ಹತ್ತಿತು. ಕಾವಾಸಾಕಿಯಿಂದ ಉಪ್ಪಿನಲ್ಲಿ ಹಾಕಿದ ಪ್ಲಮ್ ಹೋಯಿತು, ಅಲ್ಲಿಂದ ಜಿಂಜರ್ ಬಿಸ್ಕತ್ತು ಬಂತು, ಇಲ್ಲಿಂದ ಒಣಗಿದ ಮೀನು ಹೋಯಿತು. ಪ್ರತಿ ಡಬ್ಬಿಯ ಜೊತೆ ಒಂದು ಧನ್ಯವಾದದ ಪತ್ರ, ಅದನ್ನು ಅನುವಾದಿಸುವವಳು ನಾನು. ಕ್ರೇನ್ ಚಾಲಕರ ಮಾತಿಗೆ ಪತ್ರದಲ್ಲಿ ಜಾಗವೇ ಉಳಿಯಲಿಲ್ಲ. ಒಂದು ಸಲ ಡಬ್ಬಿ ನಮ್ಮ ಮನೆಗೆ ಬಂದು ಅಲ್ಲಿಂದ ಕಾವಾಸಾಕಿಗೆ ಹೋಗಬೇಕಿತ್ತು. ನೋಡಿದರೆ ಅರ್ಧ ಖಾಲಿ, ದಾರಿಯಲ್ಲಿ ಬಿಸ್ಕತ್ತು ಪುಡಿಯಾಗಿತ್ತು. ಮನಸ್ಸು ತಡೆಯದೆ ಉಳಿದ ಜಾಗಕ್ಕೆ ಕೋಡುಬಳೆ ತುಂಬಿದೆ. ಮಗಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಮ್ಮಾ, ದಟ್ಸ್ ಮೈ ಕೋಡುಬಳೆ" ಎಂದು ಮುಖ ಊದಿಸಿದಳು.

ವಾರದ ನಂತರ ಅಧ್ಯಕ್ಷರು ಪತ್ರ ಬರೆದು ಕೇಳಿದ್ದರು. ಫ್ಲಾಂಡರ್ಸ್‌ನ ಬಂದರಿನಲ್ಲಿ ಈ ಉಂಗುರವನ್ನು ಕ್ರೇನಿನ ಯಾವ ಭಾಗಕ್ಕೆ ಹಾಕುತ್ತಾರೆ, ನಮ್ಮ ಇಂಜಿನಿಯರಿಗೆ ತೋರಿಸಿದೆ, ಗಟ್ಟಿಯಾಗಿದೆ ಎಂದಿದ್ದಾರೆ.

ಗೀಚಿದ ಕಾರ್ಡು

ಮೂರನೆಯ ಸಲ ಸಾಹೇಬರ ಮುಖದಲ್ಲಿ ನಗು ಕಡಿಮೆಯಿತ್ತು. ಚುನಾವಣೆಯಲ್ಲಿ ಸೋತಿದ್ದರು. ಹುದ್ದೆ ಇಲ್ಲ, ಕಾರು ಇಲ್ಲ, ಕಾವಾಸಾಕಿಗೆ ನನ್ನ ಜೊತೆ ರೈಲಿನಲ್ಲಿ ನಿಂತುಕೊಂಡೇ ಬಂದರು. ಹುದ್ದೆ ಇಲ್ಲದವನ ಸಹಿಗೆ ಬೆಲೆ ಇಲ್ಲ, ಆದರೂ ಮುಖ ತೋರಿಸದೆ ಇರುವುದು ಸರಿಯಲ್ಲ ಎಂದರು.

ಸಂಘದಲ್ಲಿ ಆ ವರ್ಷ ಹೊಸ ಸದಸ್ಯರು ಕೆಲವರಿದ್ದರು. ಹೊಸಬರಿದ್ದರೆ ವಿಸಿಟಿಂಗ್ ಕಾರ್ಡು ಬದಲಾಯಿಸಿಕೊಳ್ಳಬೇಕು. ಇಲ್ಲಿ ಕಾರ್ಡನ್ನು ಎರಡೂ ಕೈಯಲ್ಲಿ ಪ್ರಸಾದದಂತೆ ತೆಗೆದುಕೊಳ್ಳುತ್ತಾರೆ, ಅದರ ಮೇಲೆ ಪೆನ್ನು ಮುಟ್ಟಿಸಿದರೆ ಮನುಷ್ಯನ ಮುಖದ ಮೇಲೆಯೇ ಬರೆದ ಹಾಗೆ. ಸಾಹೇಬರ ಹತ್ತಿರ ಇದ್ದದ್ದು ಹಳೆಯ ಕಾರ್ಡು. ಅದರಲ್ಲಿ 'ಉಪಮಂತ್ರಿ' ಎಂಬುದನ್ನು ಪೆನ್ನಿನಿಂದ ದಪ್ಪಗೆ ಹೊಡೆದುಹಾಕಿದ್ದರು. ಸುಳ್ಳು ಹೇಳಬಾರದಲ್ಲ. ಅಂಥ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು, ನಾನು ಹೇಳಿಕೊಟ್ಟ ಹಾಗೆಯೇ ಬಗ್ಗಿ, ಮೊದಲಿಗೆ ಅಧ್ಯಕ್ಷರಿಗೆ ಕೊಟ್ಟರು.

ಗೀಚಿದ ಆ ಕಾರ್ಡನ್ನು ಅಧ್ಯಕ್ಷರು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಮ್ಮ ಕಾರ್ಡು ತೆಗೆದು, ಗುಮಾಸ್ತೆಯ ಪೆನ್ನು ಇಸಿದುಕೊಂಡು, 'ಅಧ್ಯಕ್ಷ' ಎಂಬುದನ್ನು ಹೊಡೆದುಹಾಕಿ, ಅದರ ಕೆಳಗೆ 'ಕ್ರೇನ್ ಚಾಲಕ' ಎಂದು ಬರೆದು, ಎರಡೂ ಕೈಯಲ್ಲಿ ಸಾಹೇಬರಿಗೆ ಕೊಟ್ಟರು. ಬರೆದದ್ದನ್ನು ನಾನು ಓದಿ ಹೇಳಿದೆ. ಸಾಹೇಬರು ಮಫ್ಲರಿನಿಂದ ಕಣ್ಣು ಒರೆಸಿಕೊಂಡರು.

"ಹಡಗು ತಡವಾದ್ರೆ ಕ್ರೇನು ಮನೆಗೆ ಹೋಗಲ್ಲ. ಆದ್ರೆ ನಾನು ಬರುವ ಮಾರ್ಚಿಗೆ ನಿವೃತ್ತಿ. ಅಷ್ಟರೊಳಗೆ ಏನಾದರೂ ಹುದ್ದೆ ಹಿಡಿದುಕೊಂಡು ಬನ್ನಿ" ಎಂದರು ಅಧ್ಯಕ್ಷರು. ಅವರ ನಂತರ ಕೂರುವವರು ಉಪಾಧ್ಯಕ್ಷರು. ಅವರಿಗೆ ಈ ಕಾಗದದಲ್ಲಿ ಕಿಂಚಿತ್ತೂ ಆಸಕ್ತಿ ಇಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಮಾರ್ಚ್ ದಾಟಿದರೆ ಕಾಗದ ಸತ್ತ ಹಾಗೆ.

ಅಷ್ಟರಲ್ಲಿ ಮೂಲೆಯಿಂದ ಗುಮಾಸ್ತೆಯ ದನಿ ಕೇಳಿತು. ತಮ್ಮ ಕಾರ್ಡನ್ನು ಕೈಯಲ್ಲಿ ಹಿಡಿದು ದಿಗಿಲಿನಿಂದ ನಿಂತಿದ್ದರು. "ಸುಮಿಮಾಸೆನ್, ನನ್ನ ಕಾರ್ಡಿನಲ್ಲಿ ಬರೀ ಹೆಸರು ಇದೆ. ನಾನು ಏನನ್ನು ಹೊಡೆದುಹಾಕಲಿ?"

ಬಾಗಿದ ಮೊಹರು

ಸಾಹೇಬರು ಹುದ್ದೆ ಹಿಡಿದುಕೊಂಡೇ ಬಂದರು. ಅವರ ಪಕ್ಷ ಹೇಗೋ ಸರಕಾರದಲ್ಲಿ ಸೇರಿಕೊಂಡು, ಅವರನ್ನು ವಿದೇಶಾಂಗ ಇಲಾಖೆಯ ವಿಶೇಷ ಪ್ರತಿನಿಧಿ ಮಾಡಿತ್ತು. ಬಂದದ್ದು ಮಾರ್ಚ್ ಕೊನೆಯ ವಾರ. ಶುಕ್ರವಾರ ಅಧ್ಯಕ್ಷರ ನಿವೃತ್ತಿ, ಅದೇ ದಿನ ಬೆಳಿಗ್ಗೆ ಸಹಿ. ರೈಲಿನಲ್ಲಿ ಸಾಹೇಬರು ಅಪ್ಪನ ಹಳೆಯ ಕೆಲಸದ ಗ್ಲೌಸನ್ನು ಜೇಬಿನಿಂದ ತೆಗೆದು ತೋರಿಸಿ ಮತ್ತೆ ಒಳಗಿಟ್ಟುಕೊಂಡರು. ನಾನು ಮನೆದೇವರಿಗೆ ಹರಕೆ ಹೊತ್ತೆ.

ಮೇಜಿನ ಮೇಲೆ ಎರಡು ಪ್ರತಿ, ಒಂದು ಅವರಿಗೆ, ಒಂದು ಇವರಿಗೆ. ಜೊತೆಗೆ ಸಂಘದೊಳಗೆ ಎಲ್ಲರೂ ಒಪ್ಪಿದ್ದಕ್ಕೆ ಮೊಹರು ಒತ್ತಿದ ಹಾಳೆ. ಇಲ್ಲಿ ಸಹಿಗಿಂತ ಮೊಹರೇ ಮುಖ್ಯ. ಸಾಲಾಗಿ ಏಳು ಕೆಂಪು ಮೊಹರುಗಳು, ಎಡತುದಿಯದೊಂದು ನೆಟ್ಟಗಿತ್ತು, ಉಳಿದ ಆರೂ ಎಡಕ್ಕೆ ವಾಲಿದ್ದವು. ಒತ್ತುವಾಗ ಭೂಕಂಪ ಆಗಿತ್ತೇ ಎಂದು ಸಾಹೇಬರು ಕೇಳಿದರು. ನಾನು ವಿವರಿಸಿದೆ. ಎಡತುದಿಯಲ್ಲಿ ಮೇಲಧಿಕಾರಿಯ ಮೊಹರು ಬರುತ್ತದೆ, ಕೆಳಗಿನವರು ತಮ್ಮ ಮೊಹರನ್ನು ಅವರ ಕಡೆಗೆ ಬಾಗಿಸಿ ಒತ್ತುತ್ತಾರೆ, ನಮಸ್ಕಾರ ಮಾಡಿದ ಹಾಗೆ. ಸಾಹೇಬರು ತಲೆ ಹಿಡಿದುಕೊಂಡರು. ಇಲ್ಲಿ ಶಾಯಿಯೂ ಬಗ್ಗುತ್ತದೆಯೇ ಎಂದರು.

ಅಧ್ಯಕ್ಷರು ಮೊದಲ ಪ್ರತಿ ಎಳೆದುಕೊಂಡರು. ಅವರ ಮೊಹರು ಯಾರಿಗೂ ಬಗ್ಗಬೇಕಾಗಿಲ್ಲ. ಆದರೂ ಅವರು ಅದನ್ನು ಶಾಯಿಗೆ ಅದ್ದಿ, ಸಾಹೇಬರ ಸಹಿಗೆ ಬಿಟ್ಟ ಜಾಗದ ಕಡೆಗೆ ಚೆನ್ನಾಗಿ ವಾಲಿಸಿ ಒತ್ತಿದರು. ಉಪಾಧ್ಯಕ್ಷರ ಹುಬ್ಬು ಮೇಲೇರಿತು.

ಸಾಹೇಬರು ಪೆನ್ನು ಹಿಡಿದವರು ಹಾಗೆಯೇ ನಿಂತರು. ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು. "ಒಬ್ಬ ಕ್ರೇನ್ ಚಾಲಕ ನನಗೆ ಬಗ್ಗಿರುವಾಗ ನನ್ನ ಹೆಸರು ನೆಟ್ಟಗೆ ನಿಲ್ಲಬಾರದು. ಇದಕ್ಕಿಂತ ಕೆಳಗೆ ಬಗ್ಗೋದು ಹೇಗೆ?"

ಇಷ್ಟು ವರ್ಷದ ಅನುಭವದ ಮೇಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ನಮ್ಮ ಕಡೆ ಇದಕ್ಕಿಂತ ಕೆಳಗೆ ಅಂದ್ರೆ ಸಾಷ್ಟಾಂಗ. ಪೂರ್ತಿ ಉದ್ದಕ್ಕೆ ಬೀಳೋದು" ಎಂದೆ.

ಅವರು ಕಾಗದವನ್ನು ಪೂರ್ತಿ ಅಡ್ಡ ತಿರುಗಿಸಿ, ತಮ್ಮ ಉದ್ದನೆಯ ಹೆಸರನ್ನು ಸಾವಕಾಶವಾಗಿ ಬರೆದು, ಕಾಗದ ನೆಟ್ಟಗೆ ಮಾಡಿ ಮುಂದಕ್ಕೆ ತಳ್ಳಿದರು. ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಬಿದ್ದುಕೊಂಡ ಸಹಿ. ಉಪಾಧ್ಯಕ್ಷರು ಎದ್ದು ನಿಂತು, ಇದು ನಡೆಯುವುದಿಲ್ಲ, ಕಾಗದ ಕೆಟ್ಟಿತು, ಸೋಮವಾರ ಹೊಸದು ಮಾಡಿಸೋಣ ಎಂದರು. ಸೋಮವಾರ ಅಧ್ಯಕ್ಷರು ಅವರೇ. ನಾಲ್ಕು ಪ್ರಯಾಣ, ಒಂದು ಡಬ್ಬಿ, ಸತ್ತುಹೋದ ಅಪ್ಪನ ಗ್ಲೌಸು, ಎಲ್ಲವನ್ನೂ ನನ್ನ ಒಂದು ಸಾಷ್ಟಾಂಗ ನುಂಗಿಹಾಕಿತ್ತು.

ಅಧ್ಯಕ್ಷರು ಮಾತ್ರ ಸಹಿಯ ಮೇಲೆ ಬೆರಳಾಡಿಸುತ್ತಿದ್ದರು. ಮೇಲಿನಿಂದ ಕೆಳಗೆ, ಮೇಲಿನಿಂದ ಕೆಳಗೆ. ಅವರ ಕಣ್ಣು ತುಂಬಿತ್ತು. "ನಮ್ಮ ಹಾಗೆ ಬರೆದಿದ್ದಾರೆ" ಎಂದರು. "ಮೇಲಿಂದ ಕೆಳಕ್ಕೆ, ಹಳೇ ಜಪಾನಿ ಕ್ರಮದಲ್ಲಿ. ಇದಕ್ಕೋಸ್ಕರ ಎಷ್ಟು ಅಭ್ಯಾಸ ಮಾಡಿರಬೇಕು."

ಎಲ್ಲರೂ ನನ್ನ ಕಡೆ ನೋಡಿದರು. ಹೇಳಿದ್ದನ್ನು ಹೇಳಿದ ಹಾಗೆ ದಾಟಿಸುವುದು ನನ್ನ ಧರ್ಮ. ಸಾಷ್ಟಾಂಗದ ಮಾತನ್ನು ಆಡಿದವಳು ನಾನು, ಸಾಹೇಬರಲ್ಲ. ನನ್ನ ಮಾತನ್ನು ನಾನೇ ಅನುವಾದಿಸಬೇಕೆಂದು ಯಾವ ಕಾಂಟ್ರಾಕ್ಟಿನಲ್ಲೂ ಇಲ್ಲ. ಸುಮ್ಮನೆ ಬಗ್ಗಿದೆ.

ಎರಡನೆಯ ಪ್ರತಿಗೆ ಅಧ್ಯಕ್ಷರು ಮೊಹರಿನ ಜೊತೆ ತಮ್ಮ ಹೆಸರನ್ನೂ ಬರೆದರು. ಇಂಗ್ಲಿಷ್ ಅಕ್ಷರಗಳಲ್ಲಿ, ಎಡದಿಂದ ಬಲಕ್ಕೆ, ನಾಲಿಗೆ ಹೊರಗೆ ಚಾಚಿಕೊಂಡು. ಸಾಹೇಬರು ಆ ಪ್ರತಿಯನ್ನೂ ಅಡ್ಡ ತಿರುಗಿಸಿಯೇ ಸಹಿ ಹಾಕಿದರು. ಅದು ಮುಗಿದ ಮೇಲೆ ಉಪಾಧ್ಯಕ್ಷರಿಗೂ ಕೂರದೆ ಬೇರೆ ದಾರಿ ಇರಲಿಲ್ಲ. ಕಾಗದ ಆಯಿತು. ನಾನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ನಗುತ್ತಾ ಅತ್ತೆ.

ಆ ಶರತ್ಕಾಲದಲ್ಲಿ ಕಾವಾಸಾಕಿಯ ಎಂಟು ಚಾಲಕರು ವಿಮಾನ ಹತ್ತಿದರು. ಮಾರನೆಯ ದಿನ ಸಂಜೆ ನಾನು ಚಪಾತಿ ಹಿಟ್ಟು ಕಲಸುತ್ತಿದ್ದಾಗ ಸಾಹೇಬರ ಫೋನ್ ಬಂತು. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು, ಬಂದರಿನ ಕ್ಯಾಂಟೀನಿನಿಂದ ಮಾತಾಡುತ್ತಿದ್ದರು. ಎಂಟು ಜನರೂ ಸುಖವಾಗಿ ತಲುಪಿದ್ದಾರೆ, ಆದರೆ ಒಂದು ತೊಂದರೆ ಎಂದರು.

ಒಪ್ಪಂದಕ್ಕೆ ಫ್ರೇಮು ಹಾಕಿಸಿ ಕ್ಯಾಂಟೀನಿನ ಗೋಡೆಗೆ ತೂಗುಹಾಕಿದ್ದರಂತೆ. ಎಂಟು ಅತಿಥಿಗಳನ್ನು ಗೌರವದಿಂದ ಅದರ ಕೆಳಗೇ ಕೂರಿಸಿದ್ದಾರೆ. ಊಟಕ್ಕೆ ಬಂದ ಫ್ಲಾಂಡರ್ಸ್‌ನ ಕಾರ್ಮಿಕರೆಲ್ಲ ಅಡ್ಡ ಬಿದ್ದ ಸಹಿಯನ್ನು ಓದಲು ಸಾಲಿನಲ್ಲಿ ನಿಂತು, ಕತ್ತು ವಾಲಿಸಿ, ಸೊಂಟ ಬಗ್ಗಿಸುತ್ತಿದ್ದಾರೆ. ತಮಗೇ ಬಗ್ಗುತ್ತಿದ್ದಾರೆ ಎಂದುಕೊಂಡು ನಮ್ಮ ಎಂಟೂ ಜನ ಎದ್ದು ಬಗ್ಗಿದ್ದಾರೆ. ಅದನ್ನು ನೋಡಿ ಅವರು ಮರ್ಯಾದೆಗೆ ಮತ್ತೆ ಬಗ್ಗಿದ್ದಾರೆ. ಇವರು ಇನ್ನೂ ಕೆಳಗೆ ಬಗ್ಗಿದ್ದಾರೆ. ಅರ್ಧ ಗಂಟೆಯಾಯಿತಂತೆ, ಸಾಲು ಕದಲಿಲ್ಲ, ಸೂಪು ತಣ್ಣಗಾಗಿದೆ, ಯಾರೂ ಮೊದಲು ನೆಟ್ಟಗಾಗಲು ಒಪ್ಪುತ್ತಿಲ್ಲ.

ಸಾಹೇಬರ ದನಿಯೂ ಬಗ್ಗಿದವರ ದನಿಯ ಹಾಗೆಯೇ ಇತ್ತು.

"ಬೇಗ ಹೇಳಿ" ಎಂದರು. "ಇಲ್ಲಿ ಲಿಫ್ಟ್ ಇಲ್ಲ. ಯಾವ ಬಟನ್ ಒತ್ತಲಿ?"